ಮೂರು ದಿನಕ್ಕೆ ಮಲಗುತ್ತಿದ್ದ ಬ್ಯಾಟರಿ

ನಮ್ಮ ಮನೆಯ ಕಾರಿಗೆ ಮೂವತ್ತು ವರ್ಷ ದಾಟಿದೆ. ಅದರದು ಕಾರ್ಬ್ಯುರೇಟರ್ ಎಂಜಿನ್. ದೋಷವನ್ನು ತಾನೇ ಗುರುತಿಟ್ಟುಕೊಂಡು ಹೇಳುವ ಕಂಪ್ಯೂಟರ್ ಅದರಲ್ಲಿ ಇಲ್ಲ. ಅಪ್ಪ ಓಡಿಸುತ್ತಿದ್ದ ಕಾಲದಲ್ಲಿ ದಿನವೂ ದೂರ ಹೋಗಿಬರುತ್ತಿದ್ದ ಅದು ಈಗ ವಾರಕ್ಕೆ ಒಂದೆರಡು ಸಲ, ಅದೂ ಹತ್ತಿರದ ಓಡಾಟಕ್ಕೆ ಮಾತ್ರ ರಸ್ತೆಗೆ ಇಳಿಯುತ್ತದೆ. ಕಳೆದ ವರ್ಷದಿಂದ ಅದನ್ನು ಮೂರು ದಿನ ನಿಲ್ಲಿಸಿದರೆ ಸಾಕು, ನಾಲ್ಕನೆಯ ದಿನ ಕೀ ತಿರುಗಿಸಿದಾಗ ‘ಟಕ್’ ಎಂಬ ಒಂದು ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿಸಿದೆವು. ಎರಡು ತಿಂಗಳಲ್ಲಿ ಅದಕ್ಕೂ ಅದೇ ಗತಿಯಾಯಿತು. ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್ ಹೋಗಿದೆ ಎಂದು ಒಬ್ಬರು, ಇಡೀ ವೈರಿಂಗನ್ನೇ ಕಿತ್ತು ಹೊಸದಾಗಿ ಮಾಡಿಸಬೇಕೆಂದು ಇನ್ನೊಬ್ಬರು ಹೇಳಿದರು. ಇಬ್ಬರೂ ಅನುಭವಸ್ಥರೇ. ಆದರೆ ಮೀಟರ್ ಹಿಡಿದು ಒಂದೇ ಒಂದು ಅಂಕಿಯನ್ನಾದರೂ ನನಗೆ ತೋರಿಸಿದವರು ಯಾರೂ ಇರಲಿಲ್ಲ. ಹೀಗಾಗಿ, ಬಿಡಿಭಾಗ ಕೊಳ್ಳುವುದನ್ನು ನಿಲ್ಲಿಸಿ, ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಂಡು ನಾನೇ ಹುಡುಕಲು ಕುಳಿತೆ.

ಮೊದಲ ದಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಕಾರಿನಲ್ಲಿ ಕಂಡ ವಿಚಿತ್ರಗಳನ್ನೆಲ್ಲ, ವಿದ್ಯುತ್ತಿಗೆ ಸಂಬಂಧವಿದೆಯೋ ಇಲ್ಲವೋ ಎಂದು ಯೋಚಿಸದೆ ಬರೆದಿಟ್ಟೆ. ಬ್ಯಾಟರಿ ಇಳಿಯುವುದು ಸರಿಯೇ. ಅದರ ಜೊತೆಗೆ, ಪೂರ್ತಿ ಚಾರ್ಜ್ ಮಾಡಿದ ದಿನವೂ ಸ್ಟಾರ್ಟರ್ ಮೋಟಾರ್ ನರಳುತ್ತಾ ತಿರುಗುತ್ತಿತ್ತು. ರಾತ್ರಿ ಹೆಡ್‌ಲೈಟ್ ಹಾಕಿದೊಡನೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುತ್ತಿತ್ತು, ಆರಿಸಿದರೆ ಇಳಿಯುತ್ತಿತ್ತು. ಹೆಡ್‌ಲೈಟಿನ ಬೆಳಕು ಹಳದಿಗಟ್ಟಿತ್ತು. ಬ್ರೇಕ್ ಒತ್ತಿದಾಗ ಹಿಂಬದಿಯ ಎಡ ಇಂಡಿಕೇಟರ್ ಮಂಕಾಗಿ ಮಿನುಗುತ್ತಿತ್ತು. ಕೊನೆಯ ಸಾಲಿನಲ್ಲಿ ‘ಆಕ್ಸಿಲರೇಟರ್ ಪೆಡಲ್ ಇತ್ತೀಚೆಗೆ ಬಿಗಿ’ ಎಂದು ಬರೆದು, ಇದು ಈ ಪಟ್ಟಿಗೆ ಸೇರಿದ್ದಲ್ಲ ಎಂದುಕೊಂಡು ಅದನ್ನು ಹೊಡೆದುಹಾಕಿದೆ. ಹಾಗೆ ಹೊಡೆದುಹಾಕಿದ್ದು ತಪ್ಪಾಗಿತ್ತು. ಆ ಮಾತು ಮುಂದೆ ಬರುತ್ತದೆ.

ಮರುದಿನ ಬ್ಯಾಟರಿಯಿಂದಲೇ ಆರಂಭಿಸಿದೆ. ಅದನ್ನು ಹೊರತೆಗೆದು, ಗಾಳಿಯಾಡುವ ಜಾಗದಲ್ಲಿಟ್ಟು ರಾತ್ರಿಯಿಡೀ ಚಾರ್ಜರಿಗೆ ಹಾಕಿದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಅದರ ಬಳಿ ಒಂದು ಕಿಡಿ ಹಾರಿದರೂ ಅಪಾಯ. ಚಾರ್ಜರ್ ತೆಗೆದು ಆರು ಗಂಟೆ ಸುಮ್ಮನೆ ಬಿಟ್ಟ ಬಳಿಕ ಅಳೆದಾಗ 12.6 ವೋಲ್ಟ್ ತೋರಿಸಿತು. ಸೀಸ-ಆಮ್ಲದ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ, ಪೂರ್ತಿ ತುಂಬಿದ ಒಂದೊಂದು ಕೋಶವೂ ಸುಮಾರು 2.1 ವೋಲ್ಟ್ ಕೊಡುತ್ತದೆ, ಆದ್ದರಿಂದ 12.6 ಎಂದರೆ ತುಂಬಿದೆ, 12.2ರ ಆಸುಪಾಸು ಎಂದರೆ ಅರ್ಧ, 11.9ಕ್ಕಿಂತ ಕೆಳಗೆ ಎಂದರೆ ಬಹುತೇಕ ಬರಿದು. ಚಾರ್ಜರ್ ತೆಗೆದ ಕೂಡಲೇ ಅಥವಾ ಎಂಜಿನ್ ಆರಿಸಿದ ಕೂಡಲೇ ಅಳೆದರೆ ಸಿಗುವ ಅಂಕಿ ನಿಜಕ್ಕಿಂತ ಹೆಚ್ಚಿರುತ್ತದೆ, ಅದನ್ನು ನಂಬಬಾರದು. ಮರುದಿನ ಬೆಳಿಗ್ಗೆಯೂ ಅಂಕಿ ಇಳಿದಿರಲಿಲ್ಲ. ಅಂದರೆ ಬ್ಯಾಟರಿಯೊಳಗೆ ಸೋರಿಕೆಯಿಲ್ಲ, ಅದರ ಚಾರ್ಜನ್ನು ಕಾರೇ ಹೀರುತ್ತಿದೆ ಎಂದಾಯಿತು.

ನಿಂತ ಕಾರು ಎಷ್ಟು ಕರೆಂಟ್ ಎಳೆಯುತ್ತದೆ ಎಂದು ತಿಳಿಯಲು ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ, ಆ ಕೇಬಲ್ಲಿಗೂ ಬ್ಯಾಟರಿಯ ತುದಿಗೂ ನಡುವೆ ಮೀಟರನ್ನು ಸರಣಿಯಲ್ಲಿ ಸೇರಿಸಬೇಕು. ಯಾವಾಗಲೂ ಮೈನಸ್ ಕೇಬಲ್ಲನ್ನೇ ಮೊದಲು ಬಿಚ್ಚಬೇಕು. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೆ ಬ್ಯಾಟರಿಯ ಶಕ್ತಿಯೆಲ್ಲ ಆ ಸ್ಪ್ಯಾನರ್ ಮೂಲಕವೇ ಹರಿಯುತ್ತದೆ. ಬೆರಳಲ್ಲಿ ಉಂಗುರ, ಕೈಯಲ್ಲಿ ಲೋಹದ ವಾಚ್ ಇದ್ದರೆ ತೆಗೆದಿಡಬೇಕು. ಮೀಟರ್ ಹೀಗೆ ಸೇರಿಕೊಂಡಿರುವಾಗ ಮರೆತೂ ಸ್ಟಾರ್ಟ್ ಮಾಡಬಾರದು, ಏಕೆಂದರೆ ಮೀಟರ್ ತಡೆಯುವುದು 10 ಆಂಪಿಯರ್ ಆದರೆ ಸ್ಟಾರ್ಟರ್ ಎಳೆಯುವುದು ನೂರಕ್ಕೂ ಹೆಚ್ಚು.

ಇಷ್ಟೆಲ್ಲ ಎಚ್ಚರ ವಹಿಸಿಯೂ ನಾನು ಒಂದು ತಪ್ಪು ಮಾಡಿದೆ. ಕರೆಂಟ್ ಅಳೆದ ಮೇಲೆ ಕೆಂಪು ವೈರನ್ನು 10 ಆಂಪಿಯರ್ ತೂತಿನಿಂದ ತೆಗೆಯದೆ, ವೋಲ್ಟೇಜ್ ನೋಡಲೆಂದು ಪ್ರೋಬ್‌ಗಳನ್ನು ನೇರವಾಗಿ ಬ್ಯಾಟರಿಯ ಎರಡು ತುದಿಗಳಿಗೆ ಇಟ್ಟುಬಿಟ್ಟೆ. ಸಣ್ಣ ಕಿಡಿ ಹಾರಿ ಮೀಟರಿನೊಳಗಿನ ಫ್ಯೂಸ್ ಸುಟ್ಟಿತು, ಆದರೆ ಅದು ಸುಟ್ಟಿದೆ ಎಂಬುದು ಆಗ ತಿಳಿಯಲಿಲ್ಲ. ಮತ್ತೆ ಕರೆಂಟ್ ಅಳೆದಾಗ ಮೀಟರ್ 0.00 ತೋರಿಸಿತು. ಅರ್ಧ ಗಂಟೆಯ ಹಿಂದೆ ಇದ್ದ ಸೋರಿಕೆ ತಾನಾಗಿಯೇ ನಿಂತಿತೇ ಎಂದು ಯೋಚಿಸುತ್ತಿದ್ದಾಗ ನನ್ನ ತಮ್ಮ ಕಾರಿನ ಬಾಗಿಲು ತೆರೆದು, “ಅಣ್ಣ, ಒಳಗಿನ ಲೈಟೇ ಹತ್ತುತ್ತಿಲ್ಲ” ಎಂದ. ಮೀಟರ್ ಮೂಲಕ ಕರೆಂಟೇ ಹರಿಯುತ್ತಿಲ್ಲ ಎಂಬುದು ಆಗ ಹೊಳೆಯಿತು. ಅಂದಿನಿಂದ ನಾನು ಸೊನ್ನೆಯನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಮೊದಲು 5 ವಾಟಿನ ಒಂದು ಬಲ್ಬಿನ ಕರೆಂಟನ್ನು ಅಳೆದು, ಸುಮಾರು 0.4 ಆಂಪಿಯರ್ ತೋರಿಸಿದರೆ ಮಾತ್ರ ಮುಂದಿನ ಅಳತೆಗೆ ಹೋಗುತ್ತೇನೆ.

ಮೀಟರಿಗೆ ಹೊಸ ಫ್ಯೂಸ್ ಹಾಕಿ, ಬಾಗಿಲುಗಳನ್ನೆಲ್ಲ ಮುಚ್ಚಿ ನೋಡಿದಾಗ 0.31 ಆಂಪಿಯರ್ ಇತ್ತು. ಗಡಿಯಾರ ಮತ್ತು ರೇಡಿಯೋದ ಸ್ಮರಣೆಗೆ ಬೇಕಾಗುವುದು 0.02ರಷ್ಟು, ಎಲೆಕ್ಟ್ರಾನಿಕ್ ಸಾಧನಗಳು ತುಂಬಿರುವ ಕಾರಿನಲ್ಲಾದರೂ 0.05 ದಾಟಿದರೆ ಅನುಮಾನಿಸುತ್ತಾರೆ. ಫ್ಯೂಸ್ ಪೆಟ್ಟಿಗೆ ತೆರೆದು ಒಂದೊಂದೇ ಗಾಜಿನ ಫ್ಯೂಸ್ ಕಿತ್ತು ಮೀಟರ್ ನೋಡುತ್ತಾ ಹೋದೆ. ಎಲ್ಲವನ್ನೂ ಕಿತ್ತರೂ 0.29ಕ್ಕಿಂತ ಇಳಿಯಲಿಲ್ಲ. ನಿರಾಸೆಯೇನೋ ಆಯಿತು, ಆದರೆ ಇದೂ ಒಂದು ಉತ್ತರವೇ: ಕಳ್ಳ ಇರುವುದು ಫ್ಯೂಸ್ ಪೆಟ್ಟಿಗೆಯನ್ನು ಹಾಯದ ದಾರಿಯಲ್ಲಿ. ಅಂಥ ದಾರಿಗಳು ಹಳೆಯ ಕಾರಿನಲ್ಲಿ ಕೆಲವೇ ಇರುತ್ತವೆ. ಸ್ಟಾರ್ಟರಿನ ದಪ್ಪ ಕೇಬಲ್, ಆಲ್ಟರ್ನೇಟರಿನ ವೈರ್, ಕೀ ಸ್ವಿಚ್ಚಿಗೆ ಹೋಗುವ ವೈರ್, ಇವುಗಳ ಜೊತೆಗೆ ಯಾರಾದರೂ ಆಮೇಲೆ ಸೇರಿಸಿದ್ದು.

ಬ್ಯಾಟರಿಯ ಪ್ಲಸ್ ಕ್ಲಾಂಪಿನ ಬೋಲ್ಟಿನಡಿ ಮೂರು ವೈರುಗಳಿದ್ದವು. ಒಂದು ದಪ್ಪನೆಯದು, ಒಂದು ಮಧ್ಯಮ, ಇನ್ನೊಂದು ಬಣ್ಣ ಮಾಸಿದ ತೆಳು ಕೆಂಪು ವೈರು. ಕಾರಿನ ವೈರಿಂಗ್ ನಕ್ಷೆಯಲ್ಲಿ ಮೂರನೆಯದು ಇರಲೇ ಇಲ್ಲ. ಅದನ್ನು ಬೇರ್ಪಡಿಸಿ, ಫ್ಯೂಸ್‌ಗಳನ್ನೆಲ್ಲ ಮರಳಿ ಕೂರಿಸಿದಾಗ ಮೀಟರ್ 0.02ಕ್ಕೆ ಬಂದು ನಿಂತಿತು. ಆ ವೈರಿನ ಜಾಡು ಹಿಡಿದು ಹೊರಟೆ. ಎಂಜಿನ್ ಮತ್ತು ಒಳಗಿನ ಭಾಗದ ನಡುವಿನ ತಗಡಿಗೆ ಕೊರೆದ ತೂತಿನಲ್ಲಿ ಅದು ಹಾದು, ನೆಲಹಾಸಿನ ಕೆಳಗೆ ಹರಿದು, ಮುಂದಿನ ಸೀಟಿನ ಅಡಿಯಲ್ಲಿದ್ದ ಒಂದು ಹಳೆಯ ಆಂಪ್ಲಿಫೈಯರಿಗೆ ಸೇರಿತ್ತು. ಅಪ್ಪನ ಕಾಲದ ಟೇಪ್ ಪ್ಲೇಯರನ್ನು ತೆಗೆದಾಗ ಸ್ಪೀಕರಿನ ವೈರುಗಳನ್ನು ಕತ್ತರಿಸಿದ್ದರೇ ಹೊರತು ಇದನ್ನು ತೆಗೆದಿರಲಿಲ್ಲ. ರೇಡಿಯೋ ಹಾಕಿದಾಗ ಮಾತ್ರ ಆಂಪ್ಲಿಫೈಯರ್ ಎಚ್ಚರಗೊಳ್ಳಲಿ ಎಂದು ಇರುವ ಸಂಕೇತದ ತುದಿಯನ್ನು ಯಾರೋ ಒಂದು ಗೇಣುದ್ದದ ವೈರಿನಿಂದ ಅದರ ಪ್ಲಸ್ ತುದಿಗೇ ಕಟ್ಟಿಬಿಟ್ಟಿದ್ದರು. ಹೀಗೆ ಅದು ಹಗಲಿರುಳು ಎಚ್ಚರವಾಗಿಯೇ ಇತ್ತು. ವೈರನ್ನು ಮತ್ತೆ ಸೇರಿಸಿ ಸ್ವಲ್ಪ ಹೊತ್ತು ಬಿಟ್ಟು ಅದರ ಮೇಲೆ ಕೈಯಿಟ್ಟಾಗ ಉಗುರುಬೆಚ್ಚಗಿತ್ತು.

ನನ್ನನ್ನು ನಿಜಕ್ಕೂ ಕಂಗೆಡಿಸಿದ್ದು ಆ ತಗಡಿನ ತೂತು. ಅದಕ್ಕೆ ರಬ್ಬರ್ ಬಳೆ ಇರಲಿಲ್ಲ. ತಗಡಿನ ಅಂಚು ವೈರಿನ ಹೊದಿಕೆಯನ್ನು ತಾಮ್ರ ಕಾಣುವಷ್ಟು ತಿಂದುಹಾಕಿತ್ತು. ಆ ವೈರಿಗೆ ಫ್ಯೂಸ್ ಎಂಬುದೇ ಇರಲಿಲ್ಲ. ಇನ್ನು ಒಂದೆಳೆ ಹೊದಿಕೆ ಸವೆದಿದ್ದರೆ ಬ್ಯಾಟರಿ ನೇರವಾಗಿ ಕಾರಿನ ಮೈಗೆ ಶಾರ್ಟ್ ಆಗಿ, ಆ ತೆಳು ವೈರು ನೆಲಹಾಸಿನಡಿ ಕೆಂಪಗೆ ಕಾದು ಉರಿಯುತ್ತಿತ್ತು. ಬ್ಯಾಟರಿ ಇಳಿಯುತ್ತಿದ್ದುದು ಒಂದು ತೊಂದರೆ. ಇದು ಮನೆಯವರ ಪ್ರಾಣದ ಮಾತು. ಹಳೆಯ ಕಾರು ಇರುವವರು ಬೇರೇನನ್ನೂ ಅಳೆಯದಿದ್ದರೂ ಚಿಂತೆಯಿಲ್ಲ, ಬ್ಯಾಟರಿಯ ಪ್ಲಸ್ ತುದಿಯಲ್ಲಿ ಎಷ್ಟು ವೈರುಗಳಿವೆ, ಒಂದೊಂದೂ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನೋಡಲೇಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಆ ವೈರನ್ನೂ ಆಂಪ್ಲಿಫೈಯರನ್ನೂ ಅಂದೇ ಕಿತ್ತೆ, ತೂತಿಗೆ ರಬ್ಬರ್ ಬಿರಡೆ ಹಾಕಿ ಮುಚ್ಚಿದೆ.

ಕೆಲಸ ಮುಗಿಯಿತು ಎಂದು ತಮ್ಮ ಹೇಳಿದ. ನನಗೆ ಲೆಕ್ಕ ಸರಿಹೊಂದಲಿಲ್ಲ. 0.31 ಆಂಪಿಯರ್ ಎಂದರೆ ದಿನಕ್ಕೆ ಸುಮಾರು 7.4 ಆಂಪಿಯರ್-ಗಂಟೆ. ನಮ್ಮದು 45 ಆಂಪಿಯರ್-ಗಂಟೆಯ ಬ್ಯಾಟರಿ. ಅದು ಪೂರ್ತಿ ಬರಿದಾಗಲು ಆರು ದಿನ ಬೇಕು. ಮೂರು ದಿನಕ್ಕೆ ಅರ್ಧವಷ್ಟೇ ಇಳಿಯಬೇಕು, ಅರ್ಧ ತುಂಬಿದ ಬ್ಯಾಟರಿ ಚಳಿಯಿಲ್ಲದ ದಿನದಲ್ಲಿ ಇಷ್ಟು ಸಣ್ಣ ಎಂಜಿನ್ನನ್ನು ತಿರುಗಿಸಲೇಬೇಕು. ಅಲ್ಲದೆ ಆ ಆಂಪ್ಲಿಫೈಯರ್ ಎಷ್ಟೋ ವರ್ಷಗಳಿಂದ ಹಾಗೆಯೇ ಎಳೆಯುತ್ತಿದ್ದಿರಬೇಕು, ತೊಂದರೆ ಶುರುವಾದದ್ದು ಮಾತ್ರ ಕಳೆದ ವರ್ಷ. ಹಾಗಾದರೆ ಕಾರು ನಿಲ್ಲುವ ಹೊತ್ತಿಗೇ ಬ್ಯಾಟರಿ ಅರ್ಧ ಮಾತ್ರ ತುಂಬಿರುತ್ತಿತ್ತೇ? ಒಂದು ವಾರ ಎಂದಿನಂತೆ ಓಡಿಸಿ, ರಾತ್ರಿಯಿಡೀ ವಿಶ್ರಾಂತಿ ಕೊಟ್ಟು ಅಳೆದಾಗ 12.3 ವೋಲ್ಟ್ ಇತ್ತು. ಸೋರಿಕೆ ಇಲ್ಲದಿದ್ದರೂ ಬ್ಯಾಟರಿ ತುಂಬುತ್ತಿರಲಿಲ್ಲ.

ಎಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ತಮ್ಮನಿಗೆ ಆಕ್ಸಿಲರೇಟರನ್ನು ತುಸು ಒತ್ತಿ ಹಿಡಿಯಲು ಹೇಳಿದೆ. ಬ್ಯಾಟರಿಯ ತುದಿಗಳಲ್ಲಿ 13.3 ವೋಲ್ಟ್ ಬಂತು. ಇರಬೇಕಾದದ್ದು 13.8ರಿಂದ 14.5ರೊಳಗೆ. ಆಲ್ಟರ್ನೇಟರ್ ಬದಲಿಸಿ ಎಂಬ ಸಲಹೆ ಹುಟ್ಟುವುದು ಇಂಥ ಅಂಕಿಯಿಂದಲೇ. ಆದರೆ ಪ್ರೋಬ್‌ಗಳನ್ನು ಆಲ್ಟರ್ನೇಟರಿನ ಹಿಂಬದಿಯ ಬೋಲ್ಟಿಗೂ ಅದರ ಲೋಹದ ಮೈಗೂ ಇಟ್ಟಾಗ 14.3 ತೋರಿಸಿತು. ಆಲ್ಟರ್ನೇಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ದಾರಿಯಲ್ಲಿ 1 ವೋಲ್ಟ್ ಕಾಣೆಯಾಗುತ್ತಿತ್ತು. ಅದು ಎಲ್ಲಿ ಕಾಣೆಯಾಗುತ್ತಿದೆ ಎಂದು ತಿಳಿಯಲು ಎರಡೇ ಅಳತೆ ಸಾಕು. ಆಲ್ಟರ್ನೇಟರಿನ ಬೋಲ್ಟ್ ಮತ್ತು ಬ್ಯಾಟರಿಯ ಪ್ಲಸ್ ನಡುವೆ 0.12 ವೋಲ್ಟ್, ಆಲ್ಟರ್ನೇಟರಿನ ಮೈ ಮತ್ತು ಬ್ಯಾಟರಿಯ ಮೈನಸ್ ನಡುವೆ 0.88. ಹೋಗುವ ದಾರಿ ಚೆನ್ನಾಗಿತ್ತು, ಕಾರಿನ ಲೋಹದ ಮೈಯ ಮೂಲಕ ಮರಳುವ ದಾರಿ, ಅಂದರೆ ಅರ್ತ್, ಕೆಟ್ಟಿತ್ತು.

ಎಂಜಿನ್ ರಬ್ಬರ್ ದಿಂಬುಗಳ ಮೇಲೆ ಕೂತಿರುವುದರಿಂದ ಅದಕ್ಕೂ ಕಾರಿನ ಮೈಗೂ ವಿದ್ಯುತ್ತಿನ ಸಂಪರ್ಕ ತಾನಾಗಿ ಇರುವುದಿಲ್ಲ. ನಮ್ಮ ಕಾರಿನಲ್ಲಿ ಬ್ಯಾಟರಿಯ ಮೈನಸ್ ಕೇಬಲ್ ಮೈಗೆ ಸೇರುತ್ತದೆ, ಅಲ್ಲಿಂದ ಗೇರ್‌ಬಾಕ್ಸಿಗೆ ತಾಮ್ರದ ಎಳೆಗಳನ್ನು ಹೆಣೆದ ಒಂದು ಅರ್ತ್ ಪಟ್ಟಿ ಹೋಗುತ್ತದೆ. ಸ್ಟಾರ್ಟರಿನ ಕರೆಂಟೂ ಆಲ್ಟರ್ನೇಟರಿನ ಕರೆಂಟೂ ಅದರ ಮೂಲಕವೇ ಹಾಯಬೇಕು. ಕಾರಿನಡಿ ತೂರಿ ನೋಡಿದರೆ ಆ ಪಟ್ಟಿ ಕಿಲುಬು ಹಿಡಿದು ಹಸಿರಾಗಿ, ಎಳೆಗಳು ಅರ್ಧಕ್ಕರ್ಧ ಹರಿದಿದ್ದವು. ಮೈಗೆ ಸೇರುವ ತುದಿಯಲ್ಲಿ ಬೋಲ್ಟಿನಡಿ ತುಕ್ಕು ಪದರಗಟ್ಟಿತ್ತು. ಮೀಟರಿನ ಓಮ್ ವಿಭಾಗದಲ್ಲಿ ಅದನ್ನು ಅಳೆದಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ, ಏಕೆಂದರೆ ಪ್ರೋಬ್‌ನ ವೈರುಗಳದ್ದೇ 0.2 ಓಮ್ ಇರುತ್ತದೆ. ಸುಮಾರು 30 ಆಂಪಿಯರ್ ಹರಿದು 0.88 ವೋಲ್ಟ್ ಬಿದ್ದಿದೆ ಎಂದಿಟ್ಟುಕೊಂಡರೆ ಈ ಪಟ್ಟಿಯ ರೋಧ 0.03 ಓಮ್ ಮಾತ್ರ. ಲೆಕ್ಕಕ್ಕೇ ಬಾರದಂತೆ ಕಾಣುವ ಅಂಕಿ ಅದು. ಆದರೆ ಸ್ಟಾರ್ಟರ್ 120 ಆಂಪಿಯರ್ ಎಳೆದಾಗ ಅದೇ ರೋಧ 3.6 ವೋಲ್ಟನ್ನು ನುಂಗುತ್ತದೆ. ತಮ್ಮ ಕೀ ತಿರುಗಿಸಿದಾಗ ಎಂಜಿನ್ನಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಹೆಚ್ಚುಕಡಿಮೆ ಅಷ್ಟೇ ಕಂಡಿತು. ಬ್ಯಾಟರಿಯಲ್ಲಿ 10.9 ಇದ್ದರೂ ಸ್ಟಾರ್ಟರಿಗೆ ತಲುಪುತ್ತಿದ್ದುದು ಸುಮಾರು 7 ವೋಲ್ಟ್. ಓಮ್ ತನ್ನ ನಿಯಮವನ್ನು ಪ್ರಕಟಿಸಿದ್ದು 1827ರಲ್ಲಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಆ ಗುಣಾಕಾರ ಕಾರಿನಡಿ ಮಲಗಿದ್ದ ನನ್ನ ಕಣ್ಣೆದುರೇ ನಡೆಯುತ್ತಿರುವುದನ್ನು ಕಂಡು ಮೈ ಜುಮ್ಮೆಂದಿತು.

ನೋಟ್‌ಬುಕ್ಕಿನ ಸಾಲುಗಳು ಒಂದೊಂದಾಗಿ ಬಿಡಿಸಿಕೊಳ್ಳತೊಡಗಿದವು. ಬಿಸಿ ಅಳೆಯುವ ಸೆನ್ಸರ್ ತನ್ನ ಅರ್ತನ್ನು ಎಂಜಿನ್ನಿನ ಮೈಯಿಂದಲೇ ಪಡೆಯುತ್ತದೆ. ಹೆಡ್‌ಲೈಟ್ ಹಾಕಿದಾಗ ಆಲ್ಟರ್ನೇಟರಿನ ಕರೆಂಟ್ ಹೆಚ್ಚಿ, ಎಂಜಿನ್ನಿನ ಮೈ ಕಾರಿನ ಮೈಗಿಂತ ಹೆಚ್ಚುಕಡಿಮೆ 1 ವೋಲ್ಟ್ ಕೆಳಗಿಳಿಯುತ್ತಿತ್ತು; ಸೆನ್ಸರಿನ ಮೂಲಕ ಕರೆಂಟ್ ಹೆಚ್ಚು ಹರಿದು ಮುಳ್ಳು ಮೇಲೇರುತ್ತಿತ್ತು. ಎಂಜಿನ್ನಿಗೆ ಜ್ವರವೇ ಇರಲಿಲ್ಲ. ಆಮೇಲೆ ಆ ಹೊಡೆದುಹಾಕಿದ ಸಾಲು. ಅರ್ತ್ ಪಟ್ಟಿ ಕೈಕೊಟ್ಟಾಗ ಕರೆಂಟ್ ಎಂಜಿನ್ನಿಗೂ ಮೈಗೂ ನಡುವೆ ಸಿಕ್ಕ ಯಾವ ಲೋಹವನ್ನಾದರೂ ಹಿಡಿದು ಹರಿಯುತ್ತದೆ. ಇಲ್ಲಿ ಸಿಕ್ಕಿದ್ದು ಆಕ್ಸಿಲರೇಟರಿನ ಉಕ್ಕಿನ ಕೇಬಲ್. ಪ್ರತಿ ಸಲ ಸ್ಟಾರ್ಟ್ ಮಾಡುವಾಗಲೂ ಅದು ಕಾದು, ಅದರೊಳಗಿನ ಪ್ಲಾಸ್ಟಿಕ್ ಒಳಪದರ ಕರಗಿ ಅಂಟಿಕೊಂಡಿತ್ತು. ಪೆಡಲ್ ಬಿಗಿಯಾದದ್ದು ಅದರಿಂದ. ಕೇಬಲನ್ನು ಬದಲಿಸಿದೆ, ಓಡುವಾಗ ಅದು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ.

ಹೊಸ ಪಟ್ಟಿ ಹಾಕುವಾಗ ಎರಡೂ ತುದಿಗಳ ಲೋಹವನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ತಿಕ್ಕಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಆಮೇಲೆ ಗ್ರೀಸ್ ಸವರಿದೆ. ಬಣ್ಣದ ಮೇಲೆಯೇ ಬೋಲ್ಟ್ ಬಿಗಿದರೆ ಎಷ್ಟು ದಪ್ಪದ ಪಟ್ಟಿ ಹಾಕಿದರೂ ಪ್ರಯೋಜನವಿಲ್ಲ. ಈಗ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ 0.05 ವೋಲ್ಟ್, ಬ್ಯಾಟರಿಯಲ್ಲಿ 14.1.

ಹಿಂಬದಿಯ ದೀಪಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಆದರೂ ಅದು ಕಲಿಸಿದ್ದನ್ನು ಹೇಳಬೇಕು. ಎಡ ದೀಪದ ಗೂಡಿನ ಅರ್ತ್ ವೈರಿನಿಂದ ಬ್ಯಾಟರಿಯ ಪ್ಲಸ್ಸಿಗೆ ಮೀಟರ್ 12.4 ವೋಲ್ಟ್ ತೋರಿಸುತ್ತಿತ್ತು, ಅಂದರೆ ಅರ್ತ್ ಸರಿಯಿದೆ ಎನ್ನಬೇಕು. ಅದೇ ಜಾಗಕ್ಕೆ 21 ವಾಟಿನ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದರೆ ತಂತಿ ಕೆಂಪಗಾಗುವಷ್ಟೂ ಹತ್ತಲಿಲ್ಲ. ಡಿಕ್ಕಿಯ ಮುಚ್ಚಳದ ಕೀಲಿನ ಬಳಿ ವೈರು ಮಡಿಚಿ ಮಡಿಚಿ ಮುರಿದು, ಹೊದಿಕೆಯೊಳಗೆ ಕಿಲುಬು ಹಿಡಿದ ಒಂದೇ ಎಳೆ ಉಳಿದಿತ್ತು. ಮೀಟರಿನ ಒಳರೋಧ ಸುಮಾರು 1 ಕೋಟಿ ಓಮ್, ಅದಕ್ಕೆ ಬೇಕಾದ ಕರೆಂಟ್ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅಷ್ಟಕ್ಕೆ ಒಂದೆಳೆ ಧಾರಾಳವಾಯಿತು. ಬಲ್ಬಿಗೆ ಬೇಕಾದದ್ದು 1.75 ಆಂಪಿಯರ್. ಅರ್ತ್ ಸಿಗದ ಬ್ರೇಕ್ ಬಲ್ಬಿನ ಕರೆಂಟ್ ಪಕ್ಕದ ಇಂಡಿಕೇಟರ್ ಬಲ್ಬಿನ ಮೂಲಕ ಅಡ್ಡದಾರಿ ಹಿಡಿದು ಮರಳುತ್ತಿದ್ದುದರಿಂದಲೇ ಅದು ಮಿನುಗುತ್ತಿದ್ದುದು. ಒಂದು ಗೇಣು ಹೊಸ ವೈರನ್ನು ಬೆಸುಗೆ ಹಾಕಿ ಸೇರಿಸಿದೆ.

ಹೆಡ್‌ಲೈಟ್ ಮಾತ್ರ ಬ್ಯಾಟರಿಯಲ್ಲಿ 14.1 ಬಂದ ಮೇಲೂ ಹಳದಿಯಾಗಿಯೇ ಇತ್ತು. ಬಲ್ಬಿನ ತುದಿಯಲ್ಲಿ ಅಳೆದರೆ 11.7. ಉಳಿದ 2.4 ವೋಲ್ಟನ್ನು ಡ್ಯಾಶ್‌ಬೋರ್ಡಿನ ಸ್ವಿಚ್ಚು ಮತ್ತು ಅಲ್ಲಿಗೆ ಹೋಗಿಬರುವ ತೆಳು ವೈರು ತಿನ್ನುತ್ತಿದ್ದವು. ದೀಪದ ಕರೆಂಟ್ ಪೂರ್ತಿ ಆ ಸ್ವಿಚ್ಚಿನ ಮೂಲಕವೇ ಹಾಯುವಂತೆ ಈ ಕಾರನ್ನು ಮಾಡಿದ್ದಾರೆ. ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ, ಅಂದರೆ ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸಿ ನಿಲ್ಲಿಸುವ ಸ್ವಿಚ್ಚು, ಹಾಕಿದೆ. ರಿಲೇಯ ತುದಿಗಳ ಮೇಲಿನ ಅಂಕಿಗಳು ಡಿಐಎನ್ 72552 ಎಂಬ ಜರ್ಮನ್ ಮಾನದಂಡದವು: 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್, 87ರಿಂದ ಬಲ್ಬಿಗೆ, 86ಕ್ಕೆ ಹಳೆಯ ಸ್ವಿಚ್ಚಿನ ವೈರ್, 85ಕ್ಕೆ ಅರ್ತ್. ಸ್ವಿಚ್ಚಿನ ಪಾಲಿಗೆ ಉಳಿದದ್ದು ರಿಲೇಯ ಸುರುಳಿಗೆ ಬೇಕಾದ ಅಲ್ಪ ಕರೆಂಟ್ ಮಾತ್ರ. ಬಲ್ಬಿನಲ್ಲಿ ಈಗ 13.5 ವೋಲ್ಟ್ ಇದೆ. ತಂತಿಯ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಏರುತ್ತದೆ, ಹೆಚ್ಚುಕಡಿಮೆ ಅದರ 3.4ರ ಘಾತದಂತೆ; ಆದ್ದರಿಂದ 1.8 ವೋಲ್ಟ್ ಮರಳಿ ಸಿಕ್ಕಿದ್ದಕ್ಕೆ ಬೆಳಕು ಒಂದೂವರೆ ಪಟ್ಟಿಗೂ ಮೀರಿತು.

ಎಲ್ಲ ಮುಗಿಸಿದ ಮೇಲೆ ಕಾರನ್ನು ಹತ್ತು ದಿನ ಮುಟ್ಟದೆ ನಿಲ್ಲಿಸಿದೆ. ಹನ್ನೊಂದನೆಯ ಬೆಳಿಗ್ಗೆ ಬಾನೆಟ್ ತೆರೆದು ಅಳೆದಾಗ 12.5 ವೋಲ್ಟ್ ಇತ್ತು. “ತಿರುಗಿಸಲಾ ಅಣ್ಣ?” ಎಂದು ತಮ್ಮ ಒಳಗಿನಿಂದ ಕೇಳಿದ. ನಾನು ಹೂಂ ಎನ್ನುವಷ್ಟರಲ್ಲಿ ಎಂಜಿನ್ ಹೊತ್ತಿಕೊಂಡಿತ್ತು.